ಎಕ್ಲೆಕ್ಟಸ್ ಗಿಳಿಯ ರೂಪವೂ ಸ್ವಭಾವವೂ

ನಮ್ಮ ಸೀಮೆಯ ಗಿಳಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ಬೆಳೆದ ಗಂಡಿನ ಕೊರಳಲ್ಲಿ ಕಪ್ಪೂ ಗುಲಾಬಿಯೂ ಸೇರಿದ ಒಂದು ಕಂಠಿಯು ಕಾಣುವುದು. ಹೆಣ್ಣಿಗೆ ಆ ಒಡವೆಯಿಲ್ಲ. ಕಾಡಂಚಿನ ಹೊಲಗಳಿಗೆ ಹಿಂಡಾಗಿ ಬಂದಿಳಿಯುವ ಇನ್ನೊಂದು ಚಿಕ್ಕ ಜಾತಿಯಲ್ಲಿ ಗಂಡಿನ ತಲೆಯು ಕೆಂಪು ಬೆರೆತ ನೇರಳೆ ಬಣ್ಣದ್ದು, ಹೆಣ್ಣಿನ ತಲೆಯು ಬರೀ ಬೂದಿಯ ಬಣ್ಣದ್ದು. ನವಿಲನ್ನೂ ಹುಂಜವನ್ನೂ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೆ ಪ್ರಕೃತಿಪಾಠದ ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ಹುಡುಗಿಯು, ಚೆಂದವೆಲ್ಲಾ ಗಂಡುಹಕ್ಕಿಗೇ ಏಕೆ ಎಂದು ನಮ್ಮನ್ನು ಕೇಳದೆ ಬಿಡುವುದಿಲ್ಲ. ಹೆಣ್ಣು ಕಾವು ಕೂರಬೇಕಾದುದರಿಂದ ಶತ್ರುವಿನ ಕಣ್ಣಿಗೆ ಬೀಳದ ಮಂಕು ಬಣ್ಣವೇ ಅದಕ್ಕೆ ಕ್ಷೇಮವೆಂದು ನಾವು ಹೇಳುವ ಉತ್ತರವು ಬಹುಮಟ್ಟಿಗೆ ನಿಜವೇ. ಆ ಉತ್ತರವನ್ನು ತಲೆಕೆಳಗು ಮಾಡುವಂತೆ ಕಾಣುವ ಒಂದು ಗಿಳಿಯನ್ನು ಕುರಿತು ಈ ಲೇಖನದಲ್ಲಿ ನಾಲ್ಕು ಮಾತು ಬರೆಯುವೆವು.

ಎಕ್ಲೆಕ್ಟಸ್ ಎಂಬ ಈ ಗಿಳಿಗೆ ಕನ್ನಡದಲ್ಲಿ ಹೆಸರಿಲ್ಲ, ಏಕೆಂದರೆ ಅದು ನಮ್ಮ ದೇಶದ್ದಲ್ಲ. ಪೂರ್ವಸಮುದ್ರದಲ್ಲಿ ಲವಂಗ ಜಾಯಿಕಾಯಿಗಳಿಗೆ ಹೆಸರಾದ ಮೊಲುಕ್ಕ ದ್ವೀಪಗಳು, ಅವುಗಳ ದಕ್ಷಿಣಕ್ಕಿರುವ ತನಿಂಬಾರ್ ಮತ್ತು ಸುಂಬಾ, ಅಲ್ಲಿಂದ ಪೂರ್ವಕ್ಕೆ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯದ ಈಶಾನ್ಯ ಮೂಲೆಯಲ್ಲಿ ಚಾಚಿಕೊಂಡಿರುವ ಕೇಪ್ ಯಾರ್ಕ್ ಎಂಬ ಭೂಶಿರ: ಇವು ಅದರ ವಾಸಸ್ಥಾನ. ಮಳೆಯು ಹೇರಳವಾಗಿ ಬೀಳುವ ದಟ್ಟ ಕಾಡುಗಳೇ ಅದಕ್ಕೆ ಇಷ್ಟ. ಅತ್ತಿಯ ಜಾತಿಯ ಹಣ್ಣುಗಳು, ಕಾಯಿಗಳು, ಹೂಗಳು, ಎಳೆ ಮೊಗ್ಗುಗಳು ಅದರ ಆಹಾರ.

ಮೊದಲು ಗಂಡಿನ ರೂಪವನ್ನು ಹೇಳುವೆವು. ಉದ್ದದಲ್ಲಿ ಅದು ಸುಮಾರು ೧೪ ಅಂಗುಲ. ನಮ್ಮ ಗಿಳಿಯ ಉದ್ದದಲ್ಲಿ ಬಹುಪಾಲು ಬಾಲವೇ. ಇದರ ಬಾಲವಾದರೋ ಗಿಡ್ಡ, ಮೈ ತುಂಬಿಕೊಂಡದ್ದು, ತಲೆ ದೊಡ್ಡದು. ಮೈಯೆಲ್ಲಾ ಹೊಳೆಯುವ ಹಸುರು. ಬತ್ತದ ಸಸಿಮಡಿಯ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಕಾಣುವ ಹಸುರನ್ನು ನೆನಸಿಕೊಂಡರೆ ಸಾಕು. ರೆಕ್ಕೆಯ ದೊಡ್ಡ ಗರಿಗಳಲ್ಲಿ ನೀಲಿಯುಂಟು. ರೆಕ್ಕೆಯನ್ನೆತ್ತಿದಾಗ ಅದರ ಅಡಿಯಲ್ಲಿಯೂ ಪಕ್ಕೆಯಲ್ಲಿಯೂ ಕಡುಗೆಂಪು ಬಣ್ಣವು ಥಟ್ಟನೆ ಕಾಣುವುದು. ಮಡಿಸಿದಾಗ ಒಂದು ಅಂಚು ಮಾತ್ರ ಉಳಿಯುವುದು. ಮೇಲಿನ ಕೊಕ್ಕು ಹಣ್ಣಡಿಕೆಯ ಬಣ್ಣದ್ದು, ತುದಿಯಲ್ಲಿ ಹಳದಿ. ಕೆಳಗಿನ ಕೊಕ್ಕು ಕಪ್ಪು.

ಹೆಣ್ಣಿನಲ್ಲಿ ಹಸುರಿನ ಸುಳಿವೇ ಇಲ್ಲವೆನ್ನಬಹುದು. ತಲೆಯೂ ಎದೆಯ ಮೇಲ್ಭಾಗವೂ ಕುಂಕುಮದಂತೆ ಕೆಂಪು. ಬೆನ್ನು ಮತ್ತು ರೆಕ್ಕೆಗಳ ಕೆಂಪು ಇನ್ನೂ ಗಾಢ. ಹೊಟ್ಟೆಯು ನೀಲಿ, ಅದೇ ನೀಲಿಯು ಕತ್ತಿನ ಹಿಂಬದಿಯಲ್ಲಿ ಒಂದು ಪಟ್ಟಿಯಾಗಿ ಸುತ್ತಿರುವುದು. ನ್ಯೂಗಿನಿಯ ಹೆಣ್ಣಿಗೆ ಕಣ್ಣಿನ ಸುತ್ತಲೂ ನೀಲಿಯ ಸಣ್ಣ ಬಳೆಯಂತಹ ಗೆರೆಯುಂಟು. ಮೊಲುಕ್ಕ ದ್ವೀಪಗಳ ಹೆಣ್ಣಿನ ಹೊಟ್ಟೆಯಲ್ಲಿ ನೀಲಿಗೆ ಬದಲಾಗಿ ನೇರಳೆ ಬಣ್ಣ. ಸುಂಬಾ ದ್ವೀಪದ ಹೆಣ್ಣಿಗೆ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ನೀಲಿಯೇ ಇಲ್ಲ; ಅದರ ಮೈ ಪೂರಾ ಕೆಂಪು. ಕೊಕ್ಕು ಮಾತ್ರ ಎಲ್ಲಾ ಹೆಣ್ಣುಗಳಿಗೂ ಇದ್ದಲಿನಂತೆ ಕಪ್ಪು. ಇನ್ನೊಂದು ವಿಶೇಷವನ್ನು ಹೇಳಬೇಕು. ಇವುಗಳ ತಲೆಯ ಮತ್ತು ಎದೆಯ ಗರಿಗಳು ಗರಿಗಳಂತೆ ಬಿಡಿಬಿಡಿಯಾಗಿ ಕಾಣದೆ, ನುಣುಪಾದ ಕೂದಲಿನಂತೆ ಒಂದರೊಳಗೊಂದು ಸೇರಿಕೊಂಡಿರುವುವು. ಆದುದರಿಂದ ಹಕ್ಕಿಯು ರೇಷ್ಮೆಯ ರವಿಕೆಯನ್ನು ತೊಟ್ಟಂತೆ ತೋರುವುದು.

ಹೀಗೆ ಹಸುರು ಗಿಳಿಯೊಂದು, ಕೆಂಪು ಗಿಳಿಯೊಂದು ಒಂದೇ ಕಾಡಿನಿಂದ ಬಂದರೆ ಅವೆರಡೂ ಒಂದೇ ಜಾತಿಯೆಂದು ಯಾರು ತಾನೇ ಊಹಿಸುವರು? ಯೂರೋಪಿನ ವಿದ್ವಾಂಸರೂ ಊಹಿಸಲಿಲ್ಲ. ೧೭೭೬ನೆಯ ಇಸವಿಯಲ್ಲಿ ಮ್ಯುಲ್ಲರ್ ಎಂಬವರು ಈ ಜಾತಿಗೆ ಲ್ಯಾಟಿನ್ ಭಾಷೆಯಲ್ಲಿ ‘ಇಬ್ಬನಿಯಿಂದ ನೆನೆದುದು’ ಎಂಬರ್ಥದ ಹೆಸರಿಟ್ಟರು. ೧೭೮೬ರಲ್ಲಿ ಸ್ಕೊಪೊಲಿ ಎಂಬವರು ‘ಬಹು ಹಸುರಾದುದು’ ಎಂಬರ್ಥದ ಇನ್ನೊಂದು ಹೆಸರನ್ನು ಕೊಟ್ಟರು. ಆಮೇಲೆ ಹಸುರು ಹಕ್ಕಿಗಳನ್ನು ಒಂದು ಕಪಾಟಿನಲ್ಲಿಯೂ ಕೆಂಪು ಹಕ್ಕಿಗಳನ್ನು ಇನ್ನೊಂದು ಕಪಾಟಿನಲ್ಲಿಯೂ ಇಡುವ ಪದ್ಧತಿಯು ಸುಮಾರು ನೂರು ವರ್ಷ ನಡೆಯಿತು. ಅವರ ಕೈಗೆ ಸಿಕ್ಕುತ್ತಿದ್ದುದು ಹತ್ತಿ ತುಂಬಿದ ಒಣ ಚರ್ಮಗಳು. ಒಣ ಚರ್ಮವು ತಾನು ಕಾಡಿನಲ್ಲಿ ಯಾರ ಜೊತೆಯಲ್ಲಿ ಬಾಳಿದೆನೆಂದು ಹೇಳಲಾರದಷ್ಟೆ.

ಕಡೆಗೆ ೧೮೭೪ರಲ್ಲಿ, ನ್ಯೂಗಿನಿಯಲ್ಲಿ ಸಂಚರಿಸಿ ಹಿಂದಿರುಗಿದ್ದ ಅಡೋಲ್ಫ್ ಬರ್ನ್‌ಹಾರ್ಡ್ ಮೆಯರ್ ಎಂಬ ಜರ್ಮನ್ ವಿದ್ವಾಂಸರು, ಹಸುರು ಹಕ್ಕಿಗಳೆಲ್ಲಾ ಗಂಡುಗಳು, ಕೆಂಪು ಹಕ್ಕಿಗಳೆಲ್ಲಾ ಅವುಗಳ ಹೆಣ್ಣುಗಳು ಎಂದು ಪ್ರಕಟಿಸಿದರು. ಕೆಲವರಿಗೆ ಇದನ್ನು ಒಪ್ಪಲು ಮನಸ್ಸೇ ಬರಲಿಲ್ಲ. ಎರಡೂ ಬಣ್ಣಗಳಲ್ಲಿ ಮಂಕಾದುದು ಒಂದೂ ಇಲ್ಲ. ಹೆಣ್ಣು ಗಂಡಿನ ಮಾಸಿದ ಪ್ರತಿಯಾಗಿರದೆ ತಾನೇ ಬೇರೊಂದು ರೂಪವನ್ನು ತಳೆದಿದೆ ಎಂದರೆ ನಂಬುವುದು ಹೇಗೆ?

ನಂಬಿದ ಮೇಲೂ ಕಾರಣವು ತಿಳಿಯಲಿಲ್ಲ. ಡಾರ್ವಿನ್ನರು ೧೮೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೆಣ್ಣೇ ಹೆಚ್ಚು ಬಣ್ಣದ್ದಾಗಿರುವ ಕೆಲವು ಹಕ್ಕಿಗಳನ್ನು ಹೇಳಿದ್ದರು. ಅಂತಹುದೊಂದು ನಮ್ಮ ಕೆರೆಗಳ ಜೊಂಡಿನಲ್ಲಿಯೂ ಇದೆ. ಇಂಗ್ಲಿಷಿನವರು ಅದನ್ನು ಪೇಂಟೆಡ್ ಸ್ನೈಪ್ ಎನ್ನುವರು. ಅದರಲ್ಲಿ ಮೊಟ್ಟೆಗಳಿಗೆ ಕಾವು ಕೊಡುವವನೂ ಮರಿಗಳನ್ನು ನಡೆಸಿಕೊಂಡು ತಿರುಗುವವನೂ ಗಂಡೇ. ಕೆಲಸವು ಅದಲುಬದಲಾದುದರಿಂದ ಬಣ್ಣವೂ ಅದಲುಬದಲಾಯಿತೆಂದು ಸಮಾಧಾನ ಹೇಳಬಹುದು. ಎಕ್ಲೆಕ್ಟಸ್ ಗಿಳಿಯಲ್ಲಿ ಈ ಸಮಾಧಾನಕ್ಕೆ ಎಡೆಯಿಲ್ಲ. ಮೊಟ್ಟೆಗೆ ಕಾವು ಕೂರುವುದು ಕೆಂಪು ಹೆಣ್ಣೇ. ಹೊರಗೆ ದುಡಿದು ಆಹಾರ ತರುವುದು ಹಸುರು ಗಂಡೇ. ಕೆಲಸವು ಹಿಂದಿನಂತೆಯೇ ಇದ್ದು ಬಣ್ಣ ಮಾತ್ರ ಹೀಗಾದುದೇಕೆ?

ಇದಕ್ಕೆ ಉತ್ತರವು ದೊರೆತುದು ಕೇಪ್ ಯಾರ್ಕಿನ ಐರನ್ ರೇಂಜ್ ಎಂಬ ಕಾಡಿನಲ್ಲಿ. ಈ ಭೂಶಿರದಲ್ಲಿ ಎಕ್ಲೆಕ್ಟಸ್ ಗಿಳಿಗಳು ಇವೆಯೆಂಬುದೇ ಪಕ್ಷಿಶಾಸ್ತ್ರಜ್ಞರಿಗೆ ೧೯೧೩ರವರೆಗೆ ಗೊತ್ತಿರಲಿಲ್ಲ. ಅಲ್ಲಿ ರಾಬರ್ಟ್ ಹೈನ್‌ಸೋನ್, ಸಾರಾ ಲೆಗ್ ಎಂಬ ವಿಜ್ಞಾನಿಗಳು ೧೯೯೦ರ ದಶಕದ ಕೊನೆಯಿಂದ ಎಷ್ಟೋ ವರ್ಷ ಹಗ್ಗ ಕಟ್ಟಿಕೊಂಡು ಮಹಾವೃಕ್ಷಗಳನ್ನು ಹತ್ತಿ, ಗೂಡುಗಳೊಳಗೆ ಇಣಿಕಿ ನೋಡಿ, ಜಾನ್ ಎಂಡ್ಲರ್ ಎಂಬವರೊಡಗೂಡಿ ೨೦೦೫ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು.

ಈ ಗಿಳಿಯ ಬಾಳೆಲ್ಲವೂ ಒಂದು ಪೊಟರೆಯನ್ನು ಸುತ್ತಿಕೊಂಡಿರುವುದು. ಮೊಟ್ಟೆಯಿಡಲು ಅದಕ್ಕೆ ದೊಡ್ಡ ಮರದ ಎತ್ತರದಲ್ಲಿ ಆಳವಾದ ಪೊಟರೆಯು ಬೇಕು. ಅಂತಹ ಪೊಟರೆಗಳು ಕಾಡಿನಲ್ಲಿ ಬಹಳ ಅಪರೂಪ. ಹೆಣ್ಣುಗಳೋ ಅನೇಕ. ಆದಕಾರಣ ಪೊಟರೆಯು ದೊರೆತ ಹೆಣ್ಣು ಅದನ್ನು ಬಿಟ್ಟು ಅಗಲುವುದಿಲ್ಲ. ವರ್ಷದಲ್ಲಿ ಹನ್ನೊಂದು ತಿಂಗಳವರೆಗೂ ಅದು ಆ ಬಾಗಿಲಲ್ಲಿಯೇ ಕಾವಲು ಕೂತಿರುವುದುಂಟು. ಬೇರೊಂದು ಹೆಣ್ಣು ಹತ್ತಿರ ಬಂದರೆ ಯುದ್ಧವೇ ಸರಿ. ಈ ಯುದ್ಧದಲ್ಲಿ ಒಂದು ಪಕ್ಷವು ಸತ್ತುಬೀಳುವುದೂ ಉಂಟು. ಹೀಗಿರುವಲ್ಲಿ ಹೆಣ್ಣಿನ ಕೆಂಪು ಬಣ್ಣವು ಏನು ಮಾಡುವುದೆಂದರೆ, ಹಸುರು ಕಾಡಿನ ನಡುವೆ ಬಹು ದೂರದಿಂದಲೇ ಕಣ್ಣಿಗೆ ಬಿದ್ದು, ‘ಈ ಮನೆಗೆ ಒಡತಿಯಿದ್ದಾಳೆ’ ಎಂದು ಸಾರುವುದು. ಎಷ್ಟೋ ಜಗಳಗಳು ಇದರಿಂದ ಮೊದಲೇ ತಪ್ಪುವುವು. ಡೇಗೆಯು ಬಂದರೆ ಏನು ಗತಿ ಎಂದು ಕೇಳಬಹುದು. ಹೆಣ್ಣಿನ ಬೆನ್ನ ಹಿಂದೆಯೇ ಪೊಟರೆಯಿದೆ. ಒಂದು ಹೆಜ್ಜೆ ಒಳಗಿಟ್ಟರೆ ಆ ಕತ್ತಲೆಯಲ್ಲಿ ಕೆಂಪು ಗರಿಯು ಕಪ್ಪಾಗಿ ಅಡಗಿಹೋಗುವುದು.

ಗಂಡಿಗೆ ಅಂತಹ ಕೋಟೆಯಿಲ್ಲ. ಅದು ತನಗೂ, ಹೆಣ್ಣಿಗೂ, ಮರಿಗಳಿಗೂ ಹಣ್ಣನ್ನು ಹುಡುಕಿಕೊಂಡು ಮೈಲಿಗಟ್ಟಲೆ ಹಾರಬೇಕು. ಆದುದರಿಂದ ಎಲೆಗಳ ಮರೆಯಲ್ಲಿ ಎಲೆಯಾಗಿ ಕಾಣುವ ಹಸುರೇ ಅದಕ್ಕೆ ರಕ್ಷೆ. ಈ ಹಸುರಿನಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ಮನುಷ್ಯರ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಗಿಳಿಯ ಕಣ್ಣಿಗೆ ಕಾಣುವುದು; ಡೇಗೆಗಳ ಕಣ್ಣಿಗೆ ಅದು ಅಷ್ಟಾಗಿ ತೋರದು. ಗಂಡಿನ ಗರಿಗಳಲ್ಲಿ ಆ ಬೆಳಕಿನ ಹೊಳಪೂ ಇರುವುದರಿಂದ, ಮರದ ಕಾಂಡದ ಮುಂದೆ ಕೂತ ಗಂಡು ತನ್ನವರಿಗೆ ಚೆನ್ನಾಗಿ ಕಾಣುತ್ತಾ ವೈರಿಗೆ ಮರೆಯಾಗಿರುವುದು. ಒಟ್ಟಿನಲ್ಲಿ ಇವೆರಡರ ಬಣ್ಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದೇ ಹಿಂದಿನವರಿಗೆ ತೊಡಕಾಯಿತು. ಹೆಣ್ಣಿನ ಬಣ್ಣವು ಪೊಟರೆಯ ಬಾಗಿಲಿಗೆ ಹೊಂದಿಕೊಂಡದ್ದು, ಗಂಡಿನ ಬಣ್ಣವು ಎಲೆಗಳ ನಡುವಿನ ಅಲೆದಾಟಕ್ಕೆ ಹೊಂದಿಕೊಂಡದ್ದು.

ಒಂದು ಹೆಣ್ಣಿಗೆ ಆಹಾರವನ್ನು ತರುವ ಗಂಡು ಒಂದೇ ಅಲ್ಲವೆಂಬುದನ್ನೂ ಅಲ್ಲಿಯೇ ಕಂಡರು. ಒಳ್ಳೆಯ ಪೊಟರೆಯ ಒಡತಿಗೆ ಐದಾರು ಗಂಡುಗಳವರೆಗೆ ಸರದಿಯಾಗಿ ಬಂದು ಕೊಕ್ಕಿನಿಂದ ಕೊಕ್ಕಿಗೆ ಆಹಾರವನ್ನು ಕೊಟ್ಟು ಹೋಗುವುವು. ಅದೇ ಗಂಡು ಇನ್ನೊಂದು ಪೊಟರೆಗೂ ಹೋಗುವುದುಂಟು. ಹಕ್ಕಿಯ ನಡತೆಯನ್ನು ನಮ್ಮ ಸಂಸಾರದ ರೂಢಿಯಿಂದ ಅಳೆಯುವುದು ಸಲ್ಲದಾದುದರಿಂದ ಇದನ್ನು ಕಂಡಂತೆ ಹೇಳಿ ಮುಂದುವರಿಯುವೆವು.

ಮುಂದಿನ ಸಂಗತಿಯು ಸ್ವಲ್ಪ ಕಠಿಣವಾದುದು, ಆದರೂ ಬಿಡತಕ್ಕದ್ದಲ್ಲ. ಹೆಣ್ಣು ಒಂದು ಸಲಕ್ಕೆ ಎರಡು ಮೊಟ್ಟೆಗಳನ್ನಿಡುವುದು. ಸುಮಾರು ಒಂದು ತಿಂಗಳ ಕಾವಿನಿಂದ ಮರಿಗಳು ಹೊರಬರುವುವು. ಗಂಡುಮರಿಯ ತುಪ್ಪುಳಿಗೂ ಹೆಣ್ಣುಮರಿಯ ತುಪ್ಪುಳಿಗೂ ಬಣ್ಣದಲ್ಲಿ ವ್ಯತ್ಯಾಸವಿರುವುದರಿಂದ ಯಾವುದು ಯಾವುದೆಂದು ಬಹು ಬೇಗನೆ ತಿಳಿಯಬಹುದು. ಗರಿ ಬಂದಾಗಲೂ ಮೊದಲಿನಿಂದಲೇ ಒಂದಕ್ಕೆ ಹಸುರು, ಇನ್ನೊಂದಕ್ಕೆ ಕೆಂಪು. ಎಲ್ಲಾ ಪೊಟರೆಗಳೂ ಒಂದೇ ತೆರನಾಗಿಲ್ಲ. ಕೆಲವು ಬೆಚ್ಚಗೆ ಒಣಗಿರುವುವು. ಕೆಲವಕ್ಕೆ ಜೋರು ಮಳೆಯಲ್ಲಿ ನೀರು ನುಗ್ಗಿ ಮರಿಗಳು ಮುಳುಗಿ ಸಾಯುವುವು. ನೀರು ನುಗ್ಗುವ ಪೊಟರೆಯ ತಾಯಿಯು, ಎರಡು ಮರಿಗಳಲ್ಲಿ ಒಂದು ಗಂಡು ಒಂದು ಹೆಣ್ಣು ಆಗಿದ್ದರೆ, ಗಂಡುಮರಿಯನ್ನು ಹುಟ್ಟಿದ ಕೆಲವು ದಿನಗಳಲ್ಲಿಯೇ ಕೊಂದುಬಿಡುವುದುಂಟೆಂದು ೨೦೧೧ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಹೆಣ್ಣುಮರಿಯು ಗಂಡಿಗಿಂತ ಕೆಲವು ದಿನ ಮೊದಲೇ ಬಲಿತು ಹಾರಿಹೋಗುವುದು. ಒಂದೇ ಮರಿಯಾದರೆ ಆಹಾರವೂ ಸಾಕಷ್ಟು ಸಿಕ್ಕಿ ಇನ್ನೂ ಬೇಗನೆ ಬೆಳೆಯುವುದು. ದೊಡ್ಡ ಮಳೆಗೆ ಮುಂಚೆ ಒಂದು ಮರಿಯಾದರೂ ಬದುಕಿಕೊಳ್ಳಲಿ ಎಂಬ ಲೆಕ್ಕವು ಇಲ್ಲಿ ಕೆಲಸ ಮಾಡಿದೆ. ಒಣ ಪೊಟರೆಯ ತಾಯಂದಿರು ಮಕ್ಕಳಿಬ್ಬರನ್ನೂ ಬೆಳೆಸುವರು. ಪಂಜರದಲ್ಲಿ ಸಾಕಿದ ಒಂದು ಹೆಣ್ಣಿನ ವಿಷಯವೂ ಪ್ರಸಿದ್ಧವಾಗಿದೆ: ಅದು ಒಂದರ ಮೇಲೊಂದರಂತೆ ೨೦ ಗಂಡುಮರಿಗಳನ್ನು ಹೆತ್ತ ಮೇಲೆಯೇ ಮೊದಲನೆಯ ಹೆಣ್ಣುಮರಿಯನ್ನು ಹೆತ್ತಿತಂತೆ.

ಇನ್ನು ಸಾಕಿದ ಹಕ್ಕಿಗಳ ಸ್ವಭಾವ. ಗಿಳಿಯೆಂದರೆ ಗಲಾಟೆಯೆಂದು ತಿಳಿದವರಿಗೆ ಎಕ್ಲೆಕ್ಟಸ್ಸಿನ ಗಾಂಭೀರ್ಯವು ವಿಚಿತ್ರವಾಗಿ ತೋರುವುದು. ಅದು ಗಂಟೆಗಟ್ಟಲೆ ಅಲುಗದೆ ಕೂತು ಸುತ್ತಲೂ ನೋಡುತ್ತಿರುವುದು. ಬೆದರಿದಾಗ ಅನೇಕ ಗಿಳಿಗಳು ರೆಕ್ಕೆ ಬಡಿದು ಕಿರಿಚಿಕೊಳ್ಳುವಲ್ಲಿ, ಇದು ಕಲ್ಲಿನಂತೆ ಸ್ತಬ್ಧವಾಗುವುದು. ಅದನ್ನು ಕಂಡು ಮಂದಬುದ್ಧಿಯದೆಂದು ತೀರ್ಮಾನಿಸಿದವರೂ ಉಂಟು. ಎಲೆಯ ಮರೆಯಲ್ಲಿ ಅಲುಗದೆ ಇರುವುದೇ ಕಾಡಿನಲ್ಲಿ ಪ್ರಾಣರಕ್ಷಣೆಯ ಉಪಾಯವೆಂಬುದನ್ನು ನೆನೆದರೆ ಆ ತೀರ್ಮಾನವು ನಿಲ್ಲದು. ಮಾತು ಕಲಿಯುವುದರಲ್ಲಿ ಅದು ಬಲು ಚುರುಕು, ಸ್ವರವೂ ಸ್ಪಷ್ಟ. ಆದರೂ ಮನಸ್ಸಾದರೆ ಕಿವಿ ಗಡಚಿಕ್ಕುವ ಕೂಗೊಂದನ್ನು ಹಾಕಬಲ್ಲದು.

ಗಂಡು ಸಾಧು, ಬೇಗನೆ ಒಲಿಯುವುದು. ಹೆಣ್ಣು ಹಾಗಲ್ಲ. ತನ್ನ ಜಾಗ, ತನ್ನ ತಟ್ಟೆ, ತನ್ನ ಮೂಲೆ ಎಂಬುದನ್ನು ಗೊತ್ತುಮಾಡಿಕೊಂಡು, ಕೈ ಹಾಕಿದವರಿಗೆ ಕೊಕ್ಕಿನಿಂದ ಬುದ್ಧಿ ಕಲಿಸುವುದು. ಜೊತೆಯ ಗಂಡನ್ನು ಅಟ್ಟಿಬಿಡುವುದೂ ಉಂಟು. ಹೆಣ್ಣು ‘ಗಯ್ಯಾಳಿ’ ಎಂದು ಹಕ್ಕಿ ಸಾಕುವವರು ದೂರುವರು. ಪೊಟರೆಯ ಕಥೆಯನ್ನು ಓದಿದ ನಮ್ಮ ವಾಚಕರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರೆಂದು ನಂಬುವೆವು. ಮನೆಯನ್ನು ಬಿಟ್ಟುಕೊಟ್ಟ ಹೆಣ್ಣಿಗೆ ಕಾಡಿನಲ್ಲಿ ಸಂತಾನವೇ ಇಲ್ಲ. ಪಂಜರದಲ್ಲಿ ಪೊಟರೆಯಿಲ್ಲದಿದ್ದರೂ ಕಾಯುವ ಗುಣವು ಹೋಗುವುದೆಲ್ಲಿಗೆ?

ಈ ಹಕ್ಕಿಗೆ ಬೇಗನೆ ತಗಲುವ ಕಾಯಿಲೆಯೆಂದರೆ ಬೇಸರ. ಮನೆಯವರು ಗಮನ ಕೊಡದೆ ಒಂಟಿಯಾಗಿ ಬಿಟ್ಟರೆ ಅದು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದು. ಅಷ್ಟು ಚೆಲುವಾದ ಹಕ್ಕಿಯ ಎದೆಯು ಕೋಳಿಯ ಬೋಳು ಕತ್ತಿನಂತೆ ಆಗಿರುವುದನ್ನು ನೋಡಿದರೆ ಕನಿಕರವಾಗುವುದು. ಬರೀ ಒಣ ಕಾಳುಗಳ ಮೇಲೆ ಇದು ಆರೋಗ್ಯವಾಗಿರದು. ಹಣ್ಣು, ಸೊಪ್ಪು, ತರಕಾರಿಗಳು ದಿನವೂ ಬೇಕು. ಸರಿಯಾಗಿ ನೋಡಿಕೊಂಡರೆ ೩೦ ವರ್ಷಕ್ಕೂ ಮೀರಿ ಬದುಕುವುದು. ಮಗುವಿನ ಹುಟ್ಟುಹಬ್ಬಕ್ಕೆ ತಂದ ಗಿಳಿಯು ಆ ಮಗುವಿನ ಮಗುವನ್ನೂ ನೋಡೀತು!

ಇದನ್ನು ಹೇಳುವುದಕ್ಕೆ ಕಾರಣವುಂಟು. ಎಕ್ಲೆಕ್ಟಸ್ ಗಿಳಿಗಳು ನಮ್ಮ ದೊಡ್ಡ ಪಟ್ಟಣಗಳಲ್ಲಿ ಈಗ ಮಾರಾಟಕ್ಕೆ ಬರುತ್ತಿವೆ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಷಿದ್ಧವಾದುದನ್ನು ಬಲ್ಲ ತಂದೆತಾಯಂದಿರು, ಪರದೇಶದ ಗಿಳಿಗೆ ಯಾವ ತಡೆಯೂ ಇಲ್ಲವೆಂದು ಭಾವಿಸುವುದು ಸಹಜ. ಆ ಕಾಯಿದೆಗೆ ೨೦೨೨ರಲ್ಲಿ ತಿದ್ದುಪಡಿಯಾಗಿ, ೨೦೨೪ರಲ್ಲಿ ನಿಯಮಗಳು ಹೊರಟಿವೆ. ಅವುಗಳ ಪ್ರಕಾರ ಇಂತಹ ಹಕ್ಕಿಯನ್ನು ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸತಕ್ಕದ್ದು. ಪಂಜರದಲ್ಲಿಯೇ ಹುಟ್ಟಿದ ಮರಿಯಾದರೆ ಕಾಡಿಗೆ ನಷ್ಟವಿಲ್ಲ, ನಿಜ. ಕಾಡಿನಿಂದ ಹಿಡಿದು ತಂದ ಹಕ್ಕಿಯ ಕಥೆಯು ಬೇರೆ. ಸುಂಬಾ ದ್ವೀಪದ ಆ ಪೂರಾ ಕೆಂಪಾದ ಹೆಣ್ಣು ಮತ್ತೆಲ್ಲಿಯೂ ಇಲ್ಲ. ಹಿಡಿದು ಮಾರಿದುದರಿಂದಲೂ ಕಾಡನ್ನು ಕಡಿದುದರಿಂದಲೂ ಅಲ್ಲಿಯ ಎಕ್ಲೆಕ್ಟಸ್ಸನ್ನು ಇಂದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ನ್ಯೂಗಿನಿಯಂತಹ ದೊಡ್ಡ ಸೀಮೆಯಲ್ಲಿ ಇನ್ನೂ ಬೇಕಾದಷ್ಟಿವೆ. ಅಲ್ಲಿಯ ಜನರು ಹಬ್ಬಗಳಲ್ಲಿ ಇದರ ಗರಿಗಳನ್ನು ತಲೆಗೆ ಮುಡಿಯುವರು.

ಹಿಡಿಯುವುದನ್ನು ನಿಲ್ಲಿಸಿದರೆ ಹಕ್ಕಿಯು ತಾನಾಗಿ ಹೆಚ್ಚುವುದೆಂದು ಹೇಳುವಂತೆಯೂ ಇಲ್ಲ. ನಮ್ಮ ಘಟ್ಟದ ಕಾಡುಗಳಲ್ಲಿ ಮರಕುಟಿಗಗಳುಂಟು. ಅವು ಕೊರೆದು ಬಿಟ್ಟ ಗೂಡುಗಳನ್ನು ನಮ್ಮ ಗಿಳಿಗಳು ಸೇರಿಕೊಳ್ಳುವುವು. ಒಂದು ಹೋದರೆ ಇನ್ನೊಂದು ದೊರೆಯುವುದು. ಆಸ್ಟ್ರೇಲಿಯದಲ್ಲಿಯೂ ನ್ಯೂಗಿನಿಯಲ್ಲಿಯೂ ಮರಕುಟಿಗವೆಂಬ ಹಕ್ಕಿಯೇ ಇಲ್ಲ. ಅಲ್ಲಿ ದೊಡ್ಡ ಪೊಟರೆಯಾಗಬೇಕಾದರೆ ಗಾಳಿಗೆ ಕೊಂಬೆಯೊಂದು ಮುರಿಯಬೇಕು, ಆ ಗಾಯದಲ್ಲಿ ನೀರಿಳಿದು ಅಣಬೆ ಹತ್ತಬೇಕು, ಗೆದ್ದಲು ತಿರುಳನ್ನು ತಿನ್ನಬೇಕು; ಇಷ್ಟಾಗುವಷ್ಟರಲ್ಲಿ ಮರಕ್ಕೆ ನೂರಾರು ವರ್ಷ ವಯಸ್ಸಾಗಿರುವುದು. ಅಷ್ಟು ದಪ್ಪವಾದ ಮರವೇ ಮರದ ವ್ಯಾಪಾರಿಯ ಕಣ್ಣಿಗೂ ಮೊದಲು ಬೀಳುವುದು. ಅಂತಹ ಒಂದು ಮರವನ್ನು ಉರುಳಿಸಿದರೆ ಒಂದು ಹೆಣ್ಣಿನ ಮನೆಯು ಹೋಗುವುದು ಮಾತ್ರವಲ್ಲ. ಆ ಪೊಟರೆಯು ಎಂದಾದರೂ ತೆರವಾದೀತೆಂದು ಹತ್ತಿರದ ಮರಗಳಲ್ಲಿ ಕಾದು ಕೂತಿರುವ ಬೇರೆ ಕೆಂಪು ಹೆಣ್ಣುಗಳಿಗೂ ಕಾಯಲು ಏನೂ ಉಳಿಯದು.